ನಾಯಿ ಅವರದು, ಹಗ್ಗ ಮಾತ್ರ ನನ್ನ ಕೈಲಿ

ಊರಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ. 'ಮುಂಬಯಿಯಲ್ಲಿ ಪಕ್ಕದ ಮನೆಯವರು ಸತ್ತರೂ ಗೊತ್ತಾಗಲ್ವಂತೆ, ಹೌದೇನೋ?' ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ. ನಾನು ಹೌದೆಂದು ಒಪ್ಪಿಕೊಂಡರೆ ಅವರ ಕೈಯಲ್ಲಿರುವ ಕಾಫಿ ಇನ್ನಷ್ಟು ರುಚಿಸುತ್ತದೆ, ಅಷ್ಟೆ. ಮೂವತ್ತು ವರ್ಷ ಸುಮ್ಮನೆ ನಕ್ಕು ತಲೆಯಾಡಿಸಿದ್ದೇನೆ. ಈ ಸಲ ಆಡಿಸಲಿಲ್ಲ. ಯಾಕೆಂದರೆ ಈ ಸಲ ಪ್ರಶ್ನೆಯ ಬೆನ್ನಿಗೇ ಒಂದು ಉಪದೇಶವೂ ಬಂತು.

ವಿಷಯ ಒಂದು ನಾಯಿಯದು. ನಾನಿರುವುದು ಡೊಂಬಿವಲಿಯಲ್ಲಿ, ಲಿಫ್ಟ್ ಇಲ್ಲದ ಹಳೇ ಕಟ್ಟಡದ ಮೊದಲನೇ ಮಹಡಿಯಲ್ಲಿ. ಮೂರನೇ ಮಹಡಿಯಲ್ಲಿ ನಿವೃತ್ತ ಮರಾಠಿ ಟೀಚರೊಬ್ಬರು ಒಬ್ಬರೇ ಇದ್ದಾರೆ. ಎರಡೂ ಮಂಡಿ ಹೋಗಿವೆ. ವಾಕರ್ ಹಿಡಿದು ಅಡಿಗೆಮನೆಯಿಂದ ಬಾಗಿಲ ತನಕ ಬರುವುದೇ ಅವರಿಗೊಂದು ಪ್ರಯಾಣ. ಜೊತೆಗೆ ಗುಂಡ್ಯಾ ಅನ್ನೋ ಕಂದು ಬಣ್ಣದ ನಾಯಿ; ಬೀದಿಯಿಂದ ಬಂದದ್ದು, ಜಾತಿಗೀತಿ ಏನೂ ಇಲ್ಲ. ಬೆಳಿಗ್ಗೆ ಸಂಜೆ ಅದನ್ನು ಕೆಳಗೆ ಸುತ್ತಾಡಿಸುವ ಕೆಲಸ ಏಳು ವರ್ಷದಿಂದ ನನ್ನದು. ಇಷ್ಟು ಹೇಳಿದ್ದೇ ತಡ, ಜಗಲಿಯಲ್ಲಿ ಕೂತಿದ್ದವರೆಲ್ಲ ಒಂದೇ ದನಿಯಲ್ಲಿ, 'ಕೈಲಾಗದ ಮೇಲೆ ನಾಯಿ ಯಾಕೆ ಬೇಕು ಅವರಿಗೆ? ಯಾರಿಗಾದ್ರೂ ಕೊಟ್ಟುಬಿಡಿ ಅಂತ ಹೇಳಬಾರ್ದಾ?' ಅಂದರು.

ಇದು ನೋಡಿ ನಮ್ಮವರ ಸಹಾಯದ ರೀತಿ. ಕಾಲು ಹೋದವರ ಕೈಯಲ್ಲಿ ಇರುವುದನ್ನೂ ಕಸಿದುಕೊಂಡು 'ಈಗ ಆರಾಮಾಗಿರಿ' ಅನ್ನುವುದು.

ಸಿಟ್ಟು ಯಾಕೆ ಬಂತೆಂದರೆ, ಆ ಜಗಲಿ ನನಗೆ ಹೊಸದಲ್ಲ. ಚಿಕ್ಕಮ್ಮನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಹನ್ನೆರಡು ಜನರ ಮನೆ. ಅವಳದೊಂದು ಬೆಕ್ಕಿತ್ತು. ಅವಳು ಮಲಗಿದ ಮೇಲೆ ಅದು ಅವಳ ಕಾಲ ಬುಡದಲ್ಲೇ ಬಿದ್ದಿರುತ್ತಿತ್ತು. ಕೂದಲು ಉದುರುತ್ತೆ, ಹಾಸಿಗೆ ಹೊಲಸಾಗುತ್ತೆ, ನೋಡ್ಕೊಳ್ಳೋರು ಯಾರು ಅಂತ ಹಿರಿಯರೆಲ್ಲ ಕೂತು ತೀರ್ಮಾನ ಮಾಡಿದರು. ಅವಳನ್ನೊಂದು ಮಾತು ಕೇಳಲಿಲ್ಲ. ಒಂದು ಮಧ್ಯಾಹ್ನ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ ಹೊಳೆಯಾಚೆ ಬಿಟ್ಟು ಬಂದರು. ಚೀಲದ ಬಾಯಿ ಹಿಡಿದವನು ನಾನೇ. ಚಿಕ್ಕಮ್ಮನಿಗೆ ಮಾತು ತೊದಲುತ್ತಿತ್ತು. ಆಮೇಲೆ ಎಷ್ಟೋ ದಿನ ಊಟಕ್ಕೆ ಕೂರಿಸಿದಾಗ ಎಡಗೈಯಿಂದ ತಟ್ಟೆಯ ಅಂಚನ್ನು ಟಕ್ ಟಕ್ ಎಂದು ಬಡಿದು ಬಾಗಿಲ ಕಡೆ ನೋಡುತ್ತಿದ್ದಳು. ಬೆಕ್ಕನ್ನು ಕರೆಯುತ್ತಿದ್ದ ರೀತಿ ಅದು. ಯಾರೂ ಏನೂ ಹೇಳಲಿಲ್ಲ. ಎಲ್ಲಾ ಅವಳ ಒಳ್ಳೇದಕ್ಕೇ! ಹನ್ನೆರಡು ಜನರಲ್ಲಿ ಒಬ್ಬರು ದಿನಕ್ಕೆರಡು ಸಲ ಕಸ ಗುಡಿಸಿದ್ದರೆ ಆ ಬೆಕ್ಕು ಅಲ್ಲೇ ಇರುತ್ತಿತ್ತು. ಪಕ್ಕದ ಮನೆಯವರೂ ಬಂದು ಹೋಗುತ್ತಿದ್ದರು, ಮುಂಬಯಿಯ ಹಾಗೆ ಗೊತ್ತಾಗದೇ ಏನೂ ಇರಲಿಲ್ಲ.

ಹಾಗಂತ ಮುಂಬಯಿ ದೇವಲೋಕ ಅಂತ ನಾನು ಹೇಳುತ್ತಿಲ್ಲ. ಹತ್ತೊಂಬತ್ತನೇ ಶತಮಾನದಿಂದ ಪರೇಲಿನಲ್ಲಿ ಪ್ರಾಣಿಗಳಿಗೇ ಅಂತ ಬಾಯಿ ಸಾಕರಬಾಯಿ ದಿನಶಾ ಪೆಟಿಟ್ ಆಸ್ಪತ್ರೆ ನಡೆಸಿಕೊಂಡು ಬಂದಿರುವ ಊರು ಇದು; ಆದರೂ ನಮ್ಮ ಕಟ್ಟಡದ ಸಭೆಯಲ್ಲಿ ಮೆಟ್ಟಿಲ ಮೇಲೆ ನಾಯಿ ಬರಕೂಡದು ಅಂತ ಒಬ್ಬರು ಎದ್ದು ನಿಂತಿದ್ದರು. ಬಹುಮತದಿಂದ ಠರಾವು ಮಾಡಿದರೂ ಸಾಕುಪ್ರಾಣಿಗಳನ್ನು ಸೊಸೈಟಿ ನಿಷೇಧಿಸುವಂತಿಲ್ಲ, ಲಿಫ್ಟ್ ಇದ್ದರೆ ಅದರಲ್ಲೂ ತಡೆಯುವಂತಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಟೀಚರು ಅದರ ಪ್ರತಿಯನ್ನು ನನ್ನ ಕೈಲಿ ಕೊಟ್ಟು ಕಳಿಸಿದರು. ಸಭೆಗೆ ಅವರಿಗೆ ಇಳಿದು ಬರಲಾಗಲಿಲ್ಲ, ಓದಿದ್ದು ನಾನು. ಆದರೆ ಕೆಳಗೆ ಸಹಿ ಅವರದು. ಇದನ್ನು ಮರೀಬೇಡಿ.

ಯಾಕೆಂದರೆ ಈ ಸಹಿಯ ಪಾಠವನ್ನು ನಾನು ಕಲಿತದ್ದು ತಪ್ಪು ಮಾಡಿ. ಶುರುವಿನಲ್ಲಿ ಎಲ್ಲಾ ಚೆನ್ನಾಗಿಯೇ ಇತ್ತು. 'ನಿಮ್ಮ ಮಂಡಿ ಹೇಗಿದೆ' ಅಂತ ನಾನು ಕೇಳಿರಲಿಲ್ಲ. 'ಹಾಲಿಗೆ ಹೇಗೂ ಇಳೀತೀನಿ, ಇವನೂ ಬರ್ತಾನಾ?' ಅಂದಿದ್ದೆ. ಅವರು ನಾಯಿಯನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಹಗ್ಗ ಕೊಟ್ಟರು. ಮೂರು ತಿಂಗಳಲ್ಲಿ ನನಗೆ ಮದ ಏರಿತು. ಬೇಸಿಗೆ, ಸೆಕೆ, ಪಾಪ ಅಂದುಕೊಂಡು ಗುಂಡ್ಯಾನನ್ನು ಅಂಗಡಿಗೆ ಕರೆದೊಯ್ದು ಮೈಕೂದಲು ಬೋಳಿಸಿ, ಶಾಂಪೂ ಹಾಕಿಸಿ, ಹೊಸ ಕೊರಳಪಟ್ಟಿ ಕಟ್ಟಿಸಿಕೊಂಡು ಬಂದೆ. ದುಡ್ಡೂ ನನ್ನದೇ. ಹೊಗಳಿಕೆ ಸಿಗುತ್ತೆ ಅಂದುಕೊಂಡಿದ್ದೆ. ಅವರು ಅದರ ಬೆನ್ನ ಮೇಲೆ ಕೈಯಾಡಿಸಿ 'ಕೋಣಾಚಾ ಕುತ್ರಾ ಹಾ?' ಅಂದರು. ಯಾರ ನಾಯಿ ಇದು? ಮಾರನೇ ದಿನ, ಅದರ ಮಾರನೇ ದಿನ ಬಾಗಿಲು ತೆರೆಯಲಿಲ್ಲ. ಹಳೇ ಪೇಪರು ಹಾಸಿ ಮನೆಯಲ್ಲೇ ಎಲ್ಲಾ ಮಾಡಿಸಿದರು. ಆ ಮಂಡಿ ಇಟ್ಟುಕೊಂಡು ಬಗ್ಗಿ ಹೇಗೆ ಬಳಿದರೋ! ನನಗೆ ಗೋಣಿಚೀಲ ನೆನಪಾಯಿತು. ಮೂರನೇ ದಿನ ಹೋಗಿ 'ಚುಕ್ಲಂ' ಅಂದೆ, ತಪ್ಪಾಯಿತು ಅಂತ. ಕೊರಳಪಟ್ಟಿ ವಾಪಸು ಕೊಟ್ಟರು, ನಾಯಿಯನ್ನೂ ಕೊಟ್ಟರು.

ಅಲ್ಲಿಂದ ಈಚೆಗೆ ಹೀಗೆ ನಡೀತಾ ಇದೆ. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ ಹಾಕಿಸಬೇಕು. ಮಳೆಗಾಲದಲ್ಲಿ ಇಲಿಯ ಮೂತ್ರ ಬೆರೆತ ನೀರಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ, ಅದು ನಾಯಿಗೂ ಬರುತ್ತೆ ನಮಗೂ ಬರುತ್ತೆ, ಅದರ ಲಸಿಕೆಯೂ ಇದೆ. ಡಾಕ್ಟರಿಗೆ ಫೋನ್ ಮಾಡುವವರು ಅವರು, ಪುಸ್ತಕದಲ್ಲಿ ತಾರೀಖು ಬರೆದುಕೊಳ್ಳುವವರು ಅವರು, ಫೀಸು ಕೊಡುವವರು ಅವರು. ಡಾಕ್ಟರು ಬಂದಾಗ ನಾಯಿಯನ್ನು ಹಿಡಿದುಕೊಳ್ಳುವುದು ಮಾತ್ರ ನಾನು. ಮಳೆಯಲ್ಲಿ ತಿರುಗಿ ಬಂದ ಮೇಲೆ ನಾಲ್ಕೂ ಪಾದ ಒರೆಸಿ ಬಾಗಿಲಲ್ಲೇ ವರದಿ ಒಪ್ಪಿಸುತ್ತೇನೆ. ಎಲ್ಲಿ ಕಾಲೆತ್ತಿದ, ಹೊಟ್ಟೆ ಸರಿಯಿದೆಯಾ, ಕಿವಿಯಲ್ಲಿ ಉಣ್ಣಿ ಕಂಡಿತಾ. ಕಂಡರೆ ಕೀಳಲೇ ಅಂತ ಕೇಳುತ್ತೇನೆ. ಬೇಡ ಅಂದರೆ ಬೇಡ. ಕುರ್ಚಿಯ ಮೇಲೆ ಕೂತು ತೊಡೆಯ ಮೇಲೆ ನಾಯಿಯ ತಲೆ ಇಟ್ಟುಕೊಂಡು ಅವರೇ ಚಿಮುಟದಲ್ಲಿ ಕೀಳುತ್ತಾರೆ. ಕೈ ಚೆನ್ನಾಗಿದೆಯಲ್ಲ, ಹೋಗಿರುವುದು ಕಾಲು. ತಟ್ಟೆ ನೆಲದ ಮೇಲಿದ್ದರೆ ಬಗ್ಗಬೇಕು ಅಂತ ಗಿಡ್ಡ ಸ್ಟೂಲಿನ ಮೇಲಿಟ್ಟದ್ದು, ಗಿಡಕ್ಕೆ ಹಾಕುವ ಉದ್ದ ಕೊಕ್ಕಿನ ಝಾರಿಯಿಂದ ನಿಂತಲ್ಲಿಂದಲೇ ನೀರು ತುಂಬಿಸುವುದು, ವಾಕರಿಗೆ ಅಡ್ಡ ಬಂದು ಬೀಳಿಸದಿರಲಿ ಅಂತ ಕೊರಳಿಗೆ ಗೆಜ್ಜೆ ಕಟ್ಟಿದ್ದು, ಎಲ್ಲಾ ಅವರ ಉಪಾಯವೇ. ಸ್ಟೂಲು ಹೊತ್ತು ತಂದದ್ದಷ್ಟೇ ನಾನು.

ಇನ್ನೊಂದು ಮಾತು, ಊರಿನವರಿಗೆ ಇದು ರುಚಿಸಲಿಕ್ಕಿಲ್ಲ. ತಿಂಗಳಿಗೊಮ್ಮೆ ಅವರು ಏನಾದರೂ ಕೊಡುತ್ತಾರೆ. ಒಂದು ಡಬ್ಬಿ ಥಾಲಿಪೀಠದ ಭಾಜಣಿ, ಕೆಲವು ಸಲ ಲಕೋಟೆಯಲ್ಲಿ ದುಡ್ಡು. ಹಿಟ್ಟನ್ನು ಕಣ್ಣಿಗೊತ್ತಿಕೊಂಡು ತಗೋತೀನಿ. ದುಡ್ಡನ್ನು ಮೊದಲು 'ಛೆ ಛೆ' ಅಂತಿದ್ದೆ. ಆ 'ಛೆ ಛೆ'ಯಲ್ಲಿ ನನ್ನ ದೊಡ್ಡಸ್ತಿಕೆ ಎಷ್ಟಿತ್ತು ಅಂತ ಈಗ ಗೊತ್ತು. ಲೆಕ್ಕ ಚುಕ್ತಾ ಆಗಲಿ ಅನ್ನುವವರಿಗೆ ಅದರ ಹಕ್ಕಿದೆ. ಈಗ ತಗೊಂಡು ಗುಂಡ್ಯಾನ ಔಷಧಿಗೆ ಬಳಸಿ ರಸೀತಿ ತಂದುಕೊಡುತ್ತೇನೆ.

'ಅವರಿಗೇನಾದರೂ ಆದರೆ ನಾಯಿ ಗತಿ?' ಅಂತಲೂ ಜಗಲಿಯಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಟೀಚರೇ ಅದನ್ನು ಯೋಚಿಸಿ, ಯಾರ ಮನೆಗೆ ಹೋಗಬೇಕು ಅಂತ ಬರೆದು ಪುಸ್ತಕದ ಕೊನೇ ಹಾಳೆಯಲ್ಲಿಟ್ಟಿದ್ದಾರೆ. ನನ್ನ ಹೆಸರಲ್ಲ. ಓದಿದಾಗ ಸ್ವಲ್ಪ ಚುರ್ ಅಂದಿತು, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಅಣ್ಣ ಊರಿಂದ ಫೋನ್ ಮಾಡಿ, 'ಏನೋ, ಆ ನಾಯಿ ಇನ್ನೂ ಇದೆಯಾ?' ಅಂದ. ಗುಂಡ್ಯಾನಿಗೂ ಈಗ ವಯಸ್ಸಾಯಿತು, ಹಿಂಗಾಲು ಹಿಡಿದುಕೊಳ್ಳುತ್ತೆ, ಎರಡನೇ ಮಹಡಿಯಲ್ಲಿ ಒಮ್ಮೆ ಕೂತು ಸುಧಾರಿಸಿಕೊಂಡು ಹತ್ತುತ್ತಾನೆ. ಎತ್ತಿಕೊಂಡು ಹೋಗಲಾ ಅಂತ ಟೀಚರನ್ನು ಕೇಳಿದ್ದೇನೆ, ಇನ್ನೂ ಏನೂ ಹೇಳಿಲ್ಲ. ಇದನ್ನೆಲ್ಲ ಅಣ್ಣನಿಗೆ ವಿವರಿಸುವಷ್ಟು ಹೊತ್ತಿರಲಿಲ್ಲ. ಮೇಲೆ ಗೆಜ್ಜೆ ಸದ್ದಾಗುತ್ತಿತ್ತು, ಆರೂವರೆಯಾಗಿತ್ತು. 'ಇದೆ' ಅಂದು ಫೋನಿಟ್ಟೆ.