ಅತಿಥಿಯಾಗುವ ಮುನ್ನ

ತಾಂಜಾನಿಯಾದ ಹಳ್ಳಿಯೊಂದಕ್ಕೆ ಮಿಷನ್ ಯಾತ್ರೆ ಹೊರಟಿರುವ ನಮ್ಮ ತಂಡದ ಸಿದ್ಧತಾಸಭೆಗಳಲ್ಲಿ ಚರ್ಚೆಯಾದದ್ದೆಲ್ಲ ನಾವು ಕೊಡಬೇಕಾದುದರ ಕುರಿತೇ: ಪುಸ್ತಕ, ಔಷಧಿ, ಉಪದೇಶ. ಎರಡು ವಾರ ನಮಗೆ ಅನ್ನ, ಹಾಸಿಗೆ ಕೊಡಲಿರುವ ಮನೆಗಳ ಮಾತು ಬಂದದ್ದು ಸೊಳ್ಳೆಪರದೆಯ ನೆಪದಲ್ಲಿ ಮಾತ್ರ.

ವಿಚಿತ್ರವೆಂದರೆ, ಈ ಋಣವನ್ನು ನಮಗೆ ನೆನಪಿಸಿದ್ದು ಒಂದು ಕಾಯ್ದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, 2010ರ 6ನೆಯ ಕಲಮಿನಂತೆ ನಮ್ಮಂಥ ಸರ್ಕಾರಿ ನೌಕರರು ಹೊರದೇಶದಲ್ಲಿ ವಿದೇಶಿ ಆತಿಥ್ಯ ಸ್ವೀಕರಿಸಲು ಕೇಂದ್ರದ ಪೂರ್ವಾನುಮತಿ ಬೇಕು. ಉಚಿತ ಊಟ, ವಸತಿಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಅರ್ಜಿ ತುಂಬುವಾಗ ಗೊಣಗಿದೆವು (ಗೊಣಗುವುದು ನೌಕರರ ಕುಲಧರ್ಮ). ಆದರೆ ಆ ನಮೂನೆಯಲ್ಲಿ ನಾವು ದಾನಿಗಳಲ್ಲ, ಪಡೆಯುವವರು.

ಪಡೆಯುವುದನ್ನೇ ಮೊದಲು ಕಲಿಯಬೇಕೆಂಬುದು ನಮ್ಮ ಅಭಿಪ್ರಾಯ. ಹಿರಿಯರನ್ನು ಕಂಡಾಗ ಸ್ವಾಹಿಲಿಯಲ್ಲಿ ‘ಶಿಕಾಮೂ’ ಎನ್ನಬೇಕು. ‘ಮರಹಬಾ’ ಎಂಬ ಮರುನುಡಿ ಬರುವತನಕ ನಿಲ್ಲಬೇಕು. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ನಮ್ಮ ಮುದ್ದೆಯ ಸಂಬಂಧಿಯೇ. ಬಲಗೈಯಿಂದ ಮುರಿದು ಸೊಪ್ಪಿನೊಡನೆ ಉಣ್ಣುವಂಥದ್ದು. ಅದನ್ನು ಬದಿಗೆ ಸರಿಸಿ ನಾವು ಪೆಟ್ಟಿಗೆಯಿಂದ ಅವಲಕ್ಕಿ ತೆಗೆದರೆ ಬಡಿಸಿದ ತಾಯಿಯ ಮುಖ ಹೇಗಾದೀತು?

ತಂಡದ ಸಾಮಾನಿನ ಪಟ್ಟಿಯಲ್ಲಿ ಚಟ್ನಿಪುಡಿ ಇನ್ನೂ ಇದೆ. ಸ್ವಾಹಿಲಿ ಪಾಠಕ್ಕೆ ದಿನ ಗೊತ್ತಾಗಿಲ್ಲ.