ದೂರದ ವಿದ್ಯಾರ್ಥಿಗಳೂ ವಿದ್ಯಾಪೀಠಗಳ ಹೊಣೆಯೂ

ಕೊರೋನಾ ವ್ಯಾಧಿಯು ಲೋಕವನ್ನು ಮುತ್ತಿದ 2020ನೆಯ ಇಸವಿಯಿಂದ ಅಮೆರಿಕದ ಬೀದಿಗಳಲ್ಲಿ ಏಷ್ಯಾ ಮೂಲದವರನ್ನು ಹೀಯಾಳಿಸುವುದೂ ಅವರ ಮೇಲೆ ಕೈಮಾಡುವುದೂ ಹೆಚ್ಚಿತು. 2021ನೆಯ ಮಾರ್ಚ್ 16ರಂದು ಅಟ್ಲಾಂಟಾ ನಗರದಲ್ಲಿಯೂ ಅದರ ಸಮೀಪದಲ್ಲಿಯೂ ಒಬ್ಬನ ಗುಂಡಿಗೆ ಎಂಟು ಮಂದಿ ಬಲಿಯಾದರು. ಅವರಲ್ಲಿ ಆರು ಮಂದಿ ಏಷ್ಯಾ ಮೂಲದ ಸ್ತ್ರೀಯರು. ಆಗ ಅಲ್ಲಿಯ ಅನೇಕ ವಿಶ್ವವಿದ್ಯಾಲಯಗಳು, ಈ ವಿದ್ಯಾರ್ಥಿಗಳು ತಮ್ಮವರು, ಅವರಿಗೆ ಬಂದ ಕಷ್ಟವು ತಮ್ಮದು ಎಂದು ಬಹಿರಂಗವಾಗಿ ಸಾರಿದುವು. ಬಾರ್ಕೂರು, ಬ್ರಹ್ಮಾವರ, ಕುಂದಾಪುರಗಳ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿರುವುದರಿಂದ ಇಲ್ಲಿಯ ತಂದೆತಾಯಿಗಳಿಗೂ ಆ ಮಾತು ಸಮಾಧಾನವನ್ನು ತಂದಿದ್ದರೆ ಆಶ್ಚರ್ಯವಿಲ್ಲ.

ಆದರೆ ಅದೇ ಮಾತನ್ನು ಈ ನಾಡಿನ ವಿದ್ಯಾಪೀಠಗಳ ಬಾಯಿಂದಲೂ ಕೇಳಬೇಕೆಂಬ ಬಯಕೆಯು ಅದೇ ತಂದೆತಾಯಿಗಳಿಗೆ ಉಂಟೇ? ಮಣಿಪುರದಿಂದಲೋ ನಾಗಾಲ್ಯಾಂಡಿನಿಂದಲೋ ಬಂದವರ ಮುಖವನ್ನು ನೋಡಿ ಅದೇ ವರ್ಷ ಈ ದೇಶದ ಬೀದಿಗಳಲ್ಲಿಯೂ 'ಕೊರೋನಾ' ಎಂದು ಕೂಗಿದವರಿದ್ದರು. ಅದನ್ನು ತಡೆಯಿರೆಂದು ಕೇಂದ್ರದ ಗೃಹಖಾತೆಯು 2020ನೆಯ ಮಾರ್ಚ್ ತಿಂಗಳಲ್ಲಿ ರಾಜ್ಯಗಳಿಗೆಲ್ಲ ಬರೆಯಬೇಕಾಯಿತು. ಸಮುದ್ರದಾಚೆಯ ಅನ್ಯಾಯವು ಕಂಡು ಅಂಗಳದ್ದು ಕಾಣದಿರುವುದು ಯಾವ ಬಗೆಯ ದೃಷ್ಟಿದೋಷವೋ ವೈದ್ಯರೇ ಹೇಳಬೇಕು.

ಇದು ಬರಿಯ ಹುಡುಗಾಟವೆಂದು ತಳ್ಳಿಬಿಡುವವರು 2012ನೆಯ ಆಗಸ್ಟ್ ತಿಂಗಳ ಬೆಂಗಳೂರನ್ನು ನೆನೆಯತಕ್ಕುದು. ಅಸ್ಸಾಮಿನ ಕೋಕ್ರಾಝಾರ್ ಕಡೆಯ ಗಲಭೆಗಳ ಬೆನ್ನಿಗೇ, ಈಶಾನ್ಯದವರನ್ನು ಹೊಡೆಯುವರಂತೆ ಎಂಬ ಗಾಳಿಸುದ್ದಿಯು ಮೊಬೈಲುಗಳಲ್ಲಿ ಹಬ್ಬಿತು. ಸ್ವಾತಂತ್ರ್ಯದಿನದಂದೇ ಸಾವಿರಾರು ಮಂದಿ ಗಂಟುಮೂಟೆಗಳೊಡನೆ ರೈಲು ನಿಲ್ದಾಣದಲ್ಲಿ ನೆರೆದರು. ಗೌಹಾಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಮ್ಮೆಗೆ ಐದಕ್ಕಿಂತ ಹೆಚ್ಚು ಮಂದಿಗೆ ಸಂದೇಶ ಕಳುಹಿಸಬಾರದೆಂದು ಸರಕಾರವು ತಡೆಹಾಕಿತು, ಮಂತ್ರಿಗಳು ಅಭಯವಿತ್ತರು. ಆದರೂ ಹೊರಟವರು ನಿಲ್ಲಲಿಲ್ಲ. ಏಕೆ? ಸುದ್ದಿಯು ಸುಳ್ಳಾಗಿತ್ತು, ಭಯವು ಸುಳ್ಳಾಗಿರಲಿಲ್ಲ. ದಿನಬೆಳಗಾದರೆ 'ಚೀನಾದವನೇ' ಎಂದು ಕರೆಯಿಸಿಕೊಳ್ಳುವವನು, ಕರೆದವನೇ ನಾಳೆ ಅಡ್ಡನಿಂತು ಕಾಯುವನೆಂದು ನಂಬುವುದು ಹೇಗೆ? 'ನೀನು ಹೋಗಬೇಡ, ನಮ್ಮ ಮನೆಯಲ್ಲಿ ಇರು' ಎನ್ನುವ ಸಹಪಾಠಿಗಳೂ ಅಧ್ಯಾಪಕರೂ ಸಾಕಷ್ಟು ಮಂದಿ ಇದ್ದಿದ್ದರೆ ಅಷ್ಟೊಂದು ರೈಲುಗಳು ಬೇಕಾಗುತ್ತಿರಲಿಲ್ಲ.

2016ನೆಯ ಜನವರಿ 31ರ ಸಂಗತಿಯು ಇದಕ್ಕಿಂತಲೂ ನಾಚಿಕೆಗೇಡು. ಬೆಂಗಳೂರಿನ ಹೆಸರಘಟ್ಟದ ಕಡೆ ಸುಡಾನಿನವನೊಬ್ಬನ ಕಾರು ಬಡಿದು ಸ್ಥಳದ ಹೆಂಗಸೊಬ್ಬಳು ಸತ್ತಳು. ಗುಂಪು ಹಿಡಿದು ಬಡಿದುದು, ಆ ಬಳಿಕ ಅದೇ ದಾರಿಯಾಗಿ ಬಂದ, ಆ ಸಾವಿಗೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು! ಮೈಬಣ್ಣವೊಂದೇ ಸಾಕ್ಷಿ, ಅದೇ ತೀರ್ಪು.

ವಿದ್ಯಾಪೀಠದ ಕೆಲಸ ಪಾಠ ಹೇಳುವುದು, ಬೀದಿಯ ಜಗಳವು ಪೋಲೀಸರದು ಎಂದು ಕೆಲವರು ವಾದಿಸುವರು. ಒಳ್ಳೆಯ ವಾದವೇ! ಶುಲ್ಕವನ್ನು ಎಣಿಸಿಕೊಳ್ಳುವಾಗ ಊರು ಯಾವುದೆಂದು ಕೇಳದವರಿಗೆ ಪೆಟ್ಟು ಬಿದ್ದಾಗ ಮಾತ್ರ ಊರು ನೆನಪಾಗುವುದು. ಈ ವಾದಕ್ಕೆ ಕಾನೂನಿನ ಆಸರೆಯೂ ಇಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2016ರಲ್ಲಿ ರ್‍ಯಾಗಿಂಗ್ ನಿಯಮಗಳನ್ನು ತಿದ್ದಿ, ಬಣ್ಣ, ಜನಾಂಗ, ಪ್ರಾಂತ, ಭಾಷೆ ಮೊದಲಾದವುಗಳ ಕಾರಣದಿಂದ ಸಹವಿದ್ಯಾರ್ಥಿಯನ್ನು ಪೀಡಿಸುವುದನ್ನೂ ದೂರವಿಡುವುದನ್ನೂ ಅದರೊಳಗೆ ಸೇರಿಸಿತು. ಅದಕ್ಕೆ ಮೊದಲೇ, 2014ನೆಯ ಜನವರಿಯಲ್ಲಿ ದಿಲ್ಲಿಯಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬನು ತನ್ನ ರೂಪದ ಗೇಲಿಯಿಂದ ಎದ್ದ ಜಗಳದಲ್ಲಿ ಪೆಟ್ಟುತಿಂದು ಸತ್ತ ಮೇಲೆ ನೇಮಕವಾದ ಬೆಜಬರುವಾ ಸಮಿತಿಯು, ಈಶಾನ್ಯದ ಚರಿತ್ರೆಯನ್ನು ಪಠ್ಯದಲ್ಲಿ ಸೇರಿಸಬೇಕೆಂದು ಹೇಳಿತ್ತು. ವಿಜಯನಗರದ ಅರಸರನ್ನು ವರ್ಷಕ್ರಮವಾಗಿ ಒಪ್ಪಿಸುವ ಪದವೀಧರರಲ್ಲಿ ಅಹೋಮರ ಹೆಸರನ್ನು ಕೇಳಿದವರು ಎಷ್ಟು ಮಂದಿ?

ಬಾರ್ಕೂರಿನವರಿಗೆ ಇದನ್ನು ಹೇಳಬೇಕಾಗಿ ಬಂದುದೇ ಸೋಜಿಗ. ಆಳುಪರು ಆಳಿದ, ಸೀತಾನದಿಯ ದಡದ ಈ ಪಟ್ಟಣಕ್ಕೆ 14ನೆಯ ಶತಮಾನದಲ್ಲಿ ಮೊರೊಕ್ಕೊ ದೇಶದ ಇಬ್ನ್ ಬತೂತನು ಬಂದು 'ಫಾಕನೂರು' ಎಂದು ಬರೆದಿಟ್ಟನು. ಇಲ್ಲಿ ಮುಸಲ್ಮಾನರ ನೆಲೆಯೊಂದು ಇದ್ದಿತೆಂಬುದನ್ನೂ ಹೇಳಿದನು. ದೂರದವರು ಬಂದು ಇಳಿಯದಿದ್ದರೆ ರೇವು ಎಲ್ಲಿಯದು, ಪಟ್ಟಣವೆಲ್ಲಿಯದು? ಅಷ್ಟು ಹಿಂದಿನ ಮಾತು ಬೇಡವೆನ್ನುವವರು ಮುಂಬಯಿಯನ್ನು ನೆನೆಯಲಿ. 1966ರಲ್ಲಿ ಶಿವಸೇನೆಯು ಹುಟ್ಟಿದ ಮೇಲಿನ ವರ್ಷಗಳಲ್ಲಿ ದಕ್ಷಿಣದವರನ್ನು ಓಡಿಸಿರೆಂಬ ಕೂಗೆದ್ದು, ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದುವು. ಆ ಹೋಟೆಲುಗಳ ಗಲ್ಲೆಯಲ್ಲಿ ಕುಳಿತವರೂ ಒಲೆಯ ಮುಂದೆ ಬೆಂದವರೂ ಈ ಸೀಮೆಯವರಲ್ಲವೇ? ಅವರ ಮೊಮ್ಮಕ್ಕಳು ಇಂದು ಇನ್ನೊಬ್ಬರ ಕಣ್ಣು ಮೂಗುಗಳನ್ನು ಗೇಲಿ ಮಾಡುವುದೆಂದರೆ ಅಜ್ಜನ ಬೆನ್ನಿನ ಪೆಟ್ಟನ್ನು ಮರೆತಂತೆಯೇ ಸರಿ.

ವಿದ್ಯಾಪೀಠಗಳು ವರುಷಕ್ಕೊಮ್ಮೆ ಈಶಾನ್ಯದ ನೃತ್ಯವನ್ನಾಡಿಸಿ ಚಪ್ಪಾಳೆ ತಟ್ಟಿದರೆ ಸಾಲದು. ದೂರು ಕೊಟ್ಟವಳ ಮಾತನ್ನು ಅವಳು ಬಲ್ಲ ಭಾಷೆಯಲ್ಲಿ ಕೇಳುವ ಅಧಿಕಾರಿಯು ಇರಬೇಕು. ಗೇಲಿ ಮಾಡಿದವನು ಸ್ಥಳೀಯನೆಂದು ಬಿಟ್ಟುಬಿಡಕೂಡದು. ಬಾಡಿಗೆಗೆ ಕೋಣೆ ಸಿಕ್ಕದವರಿಗೆ ವಸತಿಗೃಹದ ಬಾಗಿಲು ತೆರೆದಿರಬೇಕು. 2023ನೆಯ ಮೇ ತಿಂಗಳಲ್ಲಿ ಮಣಿಪುರವು ಹೊತ್ತಿ ಉರಿದಾಗ ರಜೆಗೆ ಊರಿಗೆ ಹೋಗಲಾರದೆ ಉಳಿದ ಮಕ್ಕಳ ಗತಿಯೇನೆಂಬುದನ್ನು ಯೋಚಿಸಿದವರು ಎಷ್ಟು ಮಂದಿ? ಮಣಿಪಾಲಕ್ಕೋ ಕೊಣಾಜೆಗೋ ಓದಲು ಹೋಗುವ ಮಕ್ಕಳನ್ನು ಮನೆಯ ಹಿರಿಯರು ಈ ವಾರವೇ ಕೇಳಬಹುದು: ತರಗತಿಯಲ್ಲಿ ಈಶಾನ್ಯದವರು ಎಷ್ಟು ಮಂದಿ ಇರುವರು, ಅವರ ನಿಜವಾದ ಹೆಸರೇನು, ಹಬ್ಬದ ದಿನ ಅವರು ಉಣ್ಣುವುದು ಎಲ್ಲಿ?