ಹುಲ್ಲುಗಾವಲು ಖಾಲಿ ಜಾಗವಲ್ಲ

ನಾಲ್ಕನೇ ತರಗತಿಯಲ್ಲಿರುವ ಮಗಳು ಒಂದು ಸಂಜೆ ಪುಸ್ತಕ ಹಿಡಿದು ಅಡುಗೆ ಮನೆಗೆ ಬಂದಳು. ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ‘ಕಾಡು’, ಬಲಕ್ಕೆ ‘ಹುಲ್ಲುಗಾವಲು’. ಎರಡರಲ್ಲೂ ಏನೇನಿರುತ್ತದೆಂದು ಬರೆದು ತರಲು ಟೀಚರ್ ಹೇಳಿದ್ದರಂತೆ. ಕಾಡಿನ ಕಡೆ ಹುಲಿ, ಆನೆ, ಮಂಗ, ಬಳ್ಳಿ, ಜೇನು ಎಂದು ತುಂಬಿಹೋಗಿತ್ತು.

“ಉಮ್ಮಾ, ಹುಲ್ಲುಗಾವಲಲ್ಲಿ ಏನಿರುತ್ತೆ?”

ಒಗ್ಗರಣೆ ಸೀದುಹೋಗುವ ಅವಸರದಲ್ಲಿದ್ದ ನಾನು, “ಹುಲ್ಲಿರುತ್ತೆ, ದನ ಮೇಯುತ್ತೆ. ಉಳಿದದ್ದೆಲ್ಲ ಖಾಲಿ ಜಾಗ” ಎಂದುಬಿಟ್ಟೆ. ಅವಳು ಹಾಗೆಯೇ ಬರೆದುಕೊಂಡಳು. ಮರುದಿನ ಪುಸ್ತಕ ತೆರೆದರೆ ಅದರ ಕೆಳಗೆ ಕೆಂಪು ಶಾಯಿಯಲ್ಲಿ, “ಒಮ್ಮೆ ಹೋಗಿ ನೋಡಿ ಬಾ” ಎಂದಿತ್ತು. ಆ ಮಾತು ಮಗಳಿಗಿಂತ ಹೆಚ್ಚಾಗಿ ನನಗೇ ತಾಗಿತು.

ಇದು ನನ್ನೊಬ್ಬಳ ತಪ್ಪಲ್ಲ. ದೊಡ್ಡವರಾದ ನಾವೆಲ್ಲ ಮರವಿದ್ದರೆ ಮಾತ್ರ ಪ್ರಕೃತಿ ಎಂದು ನಂಬಿದ್ದೇವೆ. ಸರಕಾರದ ಭೂಪಟಗಳಲ್ಲೂ ಎಷ್ಟೋ ಹುಲ್ಲುಗಾವಲುಗಳು ‘ಪಾಳುಭೂಮಿ’ಯ ಪಟ್ಟಿಗೆ ಸೇರಿವೆ. ಪಾಳು ಎಂದ ಮೇಲೆ ಅಲ್ಲಿ ಏನನ್ನಾದರೂ ಕಟ್ಟಬಹುದು, ಏನನ್ನಾದರೂ ನೆಡಬಹುದು ಎಂದಾಗುತ್ತದೆ.

ಹಾವೇರಿ ಜಿಲ್ಲೆಯ ರಾಣೆಬೆನ್ನೂರನ್ನು ನೋಡಿ. ಅಲ್ಲಿನ ಬಯಲನ್ನು 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ಕೃಷ್ಣಮೃಗಕ್ಕೆ ಅಡಗಿಕೊಳ್ಳಲು ಪೊದೆ ಬೇಕಿಲ್ಲ. ಶತ್ರುವನ್ನು ದೂರದಿಂದಲೇ ಕಾಣುವುದು, ಕಂಡೊಡನೆ ಓಡುವುದು, ಇವೆರಡೇ ಅದರ ರಕ್ಷಣೆ. ಅದಕ್ಕೆ ತೆರೆದ ಬಯಲೇ ಮನೆ. ಆದರೆ ಆ ಅಭಯಾರಣ್ಯದ ದೊಡ್ಡ ಭಾಗದಲ್ಲಿ ಇರುವುದು ಮನುಷ್ಯರು ನೆಟ್ಟ ನೀಲಗಿರಿ ಮರಗಳು! ಮರ ನೆಡುವುದು ಒಳ್ಳೆಯದೇ. ಆದರೆ ಇನ್ನೊಬ್ಬರ ಮನೆಯ ಅಂಗಳದಲ್ಲಿ ನೆಡುವಾಗ ಯೋಚಿಸಬೇಕಲ್ಲವೇ?

ಇನ್ನು ಕುದುರೆಮುಖ. ಅಲ್ಲಿ ಕಾಡು ಮತ್ತು ಹುಲ್ಲುಗಾವಲು ಅಕ್ಕಪಕ್ಕದಲ್ಲೇ ಇವೆ. ಗಾಳಿ ಬೀಸುವ, ಮಣ್ಣು ತೆಳುವಾದ ಇಳಿಜಾರುಗಳಲ್ಲಿ ಹುಲ್ಲು. ತೇವವಿರುವ ಕಣಿವೆಗಳಲ್ಲಿ ಶೋಲಾ ಎಂದು ಕರೆಯುವ ಗಿಡ್ಡ ಮರಗಳ ದಟ್ಟ ಕಾಡು. ಹುಲ್ಲಿನ ಬೇರು ಇಳಿಜಾರಿನ ಮಣ್ಣನ್ನು ಹಿಡಿದಿಟ್ಟು ಮಳೆನೀರನ್ನು ಒಳಗಿಳಿಸುತ್ತದೆ. ಅದು ನಿಧಾನವಾಗಿ ಕಣಿವೆಯ ತೊರೆಗಳಿಗೆ ಸೇರುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಇಲ್ಲೇ. ಮಂಗಳೂರಿನ ನಳ್ಳಿಯಲ್ಲಿ ಬರುವುದು ಅದೇ ನೇತ್ರಾವತಿಯ ನೀರು. ನಾನು ‘ಖಾಲಿ ಜಾಗ’ ಎಂದ ಹುಲ್ಲಿಗೂ ನನ್ನ ಅಡುಗೆ ಮನೆಯ ಕೊಡಪಾನಕ್ಕೂ ನಂಟಿದೆ ಎಂದು ತಿಳಿದಾಗ ನಾಚಿಕೆಯಾಯಿತು.

ಹಾಗಾದರೆ ಮಕ್ಕಳಿಗೆ ಇದನ್ನು ಹೇಗೆ ಕಲಿಸುವುದು? ದೂರ ಹೋಗಬೇಕಿಲ್ಲ, ದುಡ್ಡೂ ಬೇಕಿಲ್ಲ.

ನಾಲ್ಕು ಮೀಟರ್ ಹಗ್ಗ ತೆಗೆದುಕೊಳ್ಳಿ. ಹುಲ್ಲಿನ ಮೇಲೆ ಅದನ್ನು ಚೌಕವಾಗಿ ಹಾಸಿ, ಒಳಗೆ ಎಷ್ಟು ಬಗೆಯ ಗಿಡ, ಹುಳ, ಇರುವೆ, ಹೂವುಗಳಿವೆ ಎಂದು ಮಕ್ಕಳೇ ಎಣಿಸಲಿ. ನಂತರ ಮರಗಳ ಕೆಳಗೆ ಅದೇ ಚೌಕ. ಎಲ್ಲಿ ಬಿಸಿಲು ಹೆಚ್ಚು, ಎಲ್ಲಿ ಮಣ್ಣು ತಂಪು, ಎಲ್ಲಿ ತರಗೆಲೆ ಹೆಚ್ಚು ಎಂದು ಮುಟ್ಟಿ ನೋಡಲಿ. ಕಾಲಿಗೆ ಚಪ್ಪಲಿ ಇರಲಿ, ದೊಡ್ಡವರು ಜೊತೆಗಿರಲಿ.

ಮನೆಯಲ್ಲಿ ತಳಕ್ಕೆ ತೂತು ಮಾಡಿದ ಎರಡು ಡಬ್ಬಿ ಇಡಿ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಹುಲ್ಲು ಬೆಳೆದ ಮಣ್ಣು. ಎರಡನ್ನೂ ಸ್ವಲ್ಪ ವಾಲಿಸಿ ಮೇಲಿನಿಂದ ನೀರು ಸುರಿಯಿರಿ. ಯಾವುದರಿಂದ ಕೆಸರು ಹರಿಯಿತು ಎಂದು ನೀವು ಹೇಳಬೇಕಿಲ್ಲ, ಮಗುವೇ ಹೇಳುತ್ತದೆ.

ದನ ಮೇಯ್ದರೂ ಹುಲ್ಲು ಮತ್ತೆ ಚಿಗುರುವುದೇಕೆ ಎಂದು ಕೇಳಿ. ಗಿಡಗಳು ಹೆಚ್ಚಾಗಿ ತುದಿಯಲ್ಲಿ ಬೆಳೆಯುತ್ತವೆ. ತುದಿ ಹೋದರೆ ಅವುಗಳಿಗೆ ಪೆಟ್ಟು. ಹುಲ್ಲು ಬೆಳೆಯುವುದು ಬುಡದಿಂದ. ಅದಕ್ಕೇ ಕತ್ತರಿಸಿದರೂ ಮತ್ತೆ ಏಳುತ್ತದೆ.

ಮುಂದಿನ ರವಿವಾರ ಮಗಳನ್ನು ಕರೆದುಕೊಂಡು ತವರಿನ ಹತ್ತಿರದ ಪದವಿಗೆ ಹೋದೆ. ಮಳೆ ಬಿಟ್ಟು ಎರಡು ದಿನವಾಗಿತ್ತು. ಕೆಂಪುಕಲ್ಲಿನ ಮೇಲೆ ಬೆರಳುದ್ದದ ಗಿಡಗಳಲ್ಲಿ ನೀಲಿ, ಹಳದಿ ಹೂಗಳು. ಟಿಟ್ಟಿಭವೊಂದು ಕಿರುಚುತ್ತಾ ನಮ್ಮ ತಲೆಯ ಮೇಲೆ ಸುತ್ತಿತು. “ಇಲ್ಲೆಲ್ಲೋ ಅದರ ಮೊಟ್ಟೆ ಇರಬಹುದು, ಅದು ನೆಲದ ಮೇಲೇ ಇಡುತ್ತದೆ” ಎಂದೆ. ಮಗಳು ಎತ್ತಿದ ಕಾಲನ್ನು ಮೆಲ್ಲನೆ ಹಿಂದಿಟ್ಟಳು. ಜೊತೆಗಿದ್ದ ನನ್ನ ತಾಯಿ, ತಮ್ಮ ಮನೆಯ ಮಾಡಿಗೆ ಇಲ್ಲಿಂದಲೇ ಮುಳಿಹುಲ್ಲು ತರುತ್ತಿದ್ದುದನ್ನು ನೆನಪಿಸಿಕೊಂಡರು. ಪದವಿನ ಅರ್ಧ ಭಾಗದಲ್ಲಿ ಈಗ ಅಕೇಶಿಯಾ ಮರಗಳಿವೆ. ಅವುಗಳ ಕೆಳಗೂ ಮಗಳು ಹಗ್ಗ ಹಾಸಿದಳು. ಒಣಗಿದ ಎಲೆಗಳ ದಪ್ಪ ಪದರದ ಕೆಳಗೆ ಹುಲ್ಲಿನ ಒಂದು ಎಸಳೂ ಇರಲಿಲ್ಲ.

ಮನೆಗೆ ಬಂದು ಅವಳು ಪುಸ್ತಕ ತೆರೆದಳು. ಬಲಬದಿಯ ಅಂಕಣದಲ್ಲಿದ್ದ ‘ಖಾಲಿ ಜಾಗ’ವನ್ನು ಹೊಡೆದುಹಾಕಿ ಬರೆಯತೊಡಗಿದಳು. ಬರೆಯಲು ಹಾಳೆ ಸಾಲಲಿಲ್ಲ.

ನಾವು ಅವಸರದಲ್ಲಿ ಹೇಳುವ ಒಂದು ಮಾತು ಮಕ್ಕಳ ಮನಸ್ಸಿನಲ್ಲಿ ಪಾಠವಾಗಿ ಉಳಿಯುತ್ತದೆ. ನಾಳೆ ಗುಡ್ಡ ಬಯಲುಗಳನ್ನು ಉಳಿಸುವವರೂ ಅಳಿಸುವವರೂ ಇದೇ ಮಕ್ಕಳು. ಉತ್ತರ ಗೊತ್ತಿಲ್ಲದಿದ್ದರೆ, “ಬಾ, ಹೋಗಿ ನೋಡೋಣ” ಎನ್ನಿ. ಅಷ್ಟು ಸಾಕು.